ಅತ್ತಿಗೆ ಗಾಡಿ ರೈಸ್ ಮಾಡಿದ ಕಥೆ

"ಅಮ್ಮಾ, ಗಾಡಿ ಓಡ್ಸಿ ತೋರ್ಸಿ ಅಂದ್ರೆ ಬರೀ ಆಫ್ ಮಾಡಿ ತೋರಿಸ್ತಾ ಇದೀರಲ್ಲ!"

ತುಮಕೂರಿನ ಡ್ರೈವಿಂಗ್ ಟೆಸ್ಟ್ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಹೀಗಂದಾಗ ಸಾಲಿನಲ್ಲಿ ನಿಂತಿದ್ದವರೆಲ್ಲ ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ಹೇಗೆ ನಗಲಿ? ಬೈಕ್ ಮೇಲೆ ಕೂತಿದ್ದವರು ನನ್ನ ಅತ್ತಿಗೆ. ಬೈಕ್ ನನ್ನ ಮಗಳದು. "ಬನ್ನಿ ಅತ್ತಿಗೆ, ನಾನಿದೀನಿ" ಅಂತ ಹುರಿದುಂಬಿಸಿ ಕರೆತಂದವಳು ನಾನು.

ಅತ್ತಿಗೆ ಕ್ಲಚ್ ಬಿಡುತ್ತಿದ್ದರು. ಬೈಕ್ ಮುಂದಕ್ಕೊಮ್ಮೆ ಮುಗ್ಗರಿಸಿ, ಡಬ್ ಅಂತ ನಿಂತುಹೋಗುತ್ತಿತ್ತು. ಮತ್ತೆ ಸ್ಟಾರ್ಟ್. ಮತ್ತೆ ಡಬ್. ನೆಲದ ಮೇಲೆ ಬಳಿದಿದ್ದ ಎಂಟಿನ ಆಕಾರದ ಮೊದಲ ತಿರುವನ್ನೂ ಅವರು ಮುಟ್ಟಲಿಲ್ಲ. "ಒಂದು ವಾರ ಬಿಟ್ಟು ಬನ್ನಿ" ಅಂದುಬಿಟ್ಟರು ಇನ್‌ಸ್ಪೆಕ್ಟರ್.

ಬೈಕ್ ಓಡಿಸಲು ಬಾರದವರನ್ನು ಟೆಸ್ಟಿಗೆ ಯಾಕಮ್ಮಾ ಕರೆದುಕೊಂಡು ಹೋದೆ ಅಂತ ನೀವು ಕೇಳಬಹುದು. ತಮಾಷೆ ಇರುವುದೇ ಅಲ್ಲಿ. ನನಗೆ ಗೊತ್ತಿರುವ ಹೆಂಗಸರಲ್ಲಿ ನಮ್ಮ ಅತ್ತಿಗೆಯಷ್ಟು ಚೆನ್ನಾಗಿ ಬೈಕ್ ಓಡಿಸುವವರು ಇನ್ನೊಬ್ಬರಿಲ್ಲ. (ಗಂಡಸರಲ್ಲೂ ಇಲ್ಲ. ಅದನ್ನು ಜೋರಾಗಿ ಹೇಳಿದರೆ ಅಣ್ಣನಿಗೆ ಬೇಜಾರಾಗುತ್ತದೆ.)

ಅತ್ತಿಗೆಯ ಹೆಸರು ರತ್ನಮ್ಮ. ವಯಸ್ಸು ಐವತ್ತು ದಾಟಿದೆ. ನನ್ನ ಅಣ್ಣ ಸಿದ್ದಲಿಂಗಣ್ಣನ ಹೆಂಡತಿ. ಇಬ್ಬರೂ ಇರುವುದು ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ. ಅಲ್ಲಿನ ತೆಂಗಿನ ತೋಟದೊಳಗೆ ಅತ್ತಿಗೆ ಬೈಕ್ ಓಡಿಸುವುದನ್ನು ನೀವೊಮ್ಮೆ ನೋಡಬೇಕು. ಸೀರೆಯ ಮೇಲೆ ಅಣ್ಣನ ಹಳೇ ಶರ್ಟು, ತಲೆಗೆ ಟವೆಲ್ಲು, ಹಿಂದಿನ ಸೀಟಿನಲ್ಲಿ ಕಾಯಿ ಮೂಟೆ. ಬದುವಿನ ಮೇಲೆ, ಪಾತಿಗಳ ನಡುವೆ, ನೀರು ಹಾಯಿಸಿದ ಮಣ್ಣಿನಲ್ಲಿ, ನಡೆದುಕೊಂಡು ಹೋಗುವಷ್ಟೇ ನಿಧಾನವಾಗಿ ಡುಗ್... ಡುಗ್... ಡುಗ್... ಅಂತ ಹೋಗುತ್ತಿರುತ್ತಾರೆ. ಆಫ್ ಆಗುವ ಮಾತೇ ಇಲ್ಲ.

ಆ ಬೈಕಿನ ಹೆಸರು ಬಸವ. ನಮ್ಮಪ್ಪ ಕೊಂಡ ಹಳೇ ಕಾಲದ ಗಾಡಿ. ಕಬ್ಬಿಣದ ಮೈ, ಯಾರಿಗೂ ಹೆದರದ ಸದ್ದು, ಎಮ್ಮೆಯಷ್ಟು ತೂಕ. ಹಲವು ವರ್ಷಗಳ ಹಿಂದೆ ಅದರ ಕಿಕ್ಕರ್ ವಾಪಸ್ ಹೊಡೆದು ಅಣ್ಣನ ಮಂಡಿ ಊದಿಕೊಂಡಿತು. ಅಣ್ಣ ಮಂಚ ಹಿಡಿದ. ತೋಟದ ಕೆಲಸ ನಿಲ್ಲುವಂತಿರಲಿಲ್ಲವಲ್ಲ, ಅತ್ತಿಗೆ ಬಸವನನ್ನು ಹಿಡಿದರು. ಮಂಡಿ ವಾಸಿಯಾದರೂ ಆ ಕಿಕ್ಕರ್ ಮುಟ್ಟುವ ಧೈರ್ಯ ಅಣ್ಣನಿಗೆ ಮತ್ತೆ ಬರಲಿಲ್ಲ. ಹೀಗೆ ಗಾಡಿ ಅತ್ತಿಗೆಯ ಕೈಯಲ್ಲೇ ಉಳಿಯಿತು.

ಆದರೆ ಒಂದು ಷರತ್ತು. ತೋಟದ ಗೇಟು ದಾಟಿ ಟಾರ್ ರೋಡ್ ಹತ್ತುವಂತಿಲ್ಲ.

"ಲೈಸೆನ್ಸ್ ಇಲ್ಲ ಕಣೇ. ಯಾರಾದ್ರೂ ಹಿಡಿದ್ರೆ ನನ್ ಮರ್ಯಾದೆ ಏನಾಗ್ಬೇಕು?" ಅಂತ ಅಣ್ಣ.

ಮಾತು ಸರಿಯೇ. ಬಸವನ ಕಾಗದಪತ್ರಗಳ ಅವಧಿ ಮುಗಿದು ಯಾವ ಕಾಲವಾಯಿತೋ. ತೋಟದೊಳಗೆ ಓಡಾಡುವ ಗಾಡಿಗೆ ಅದೆಲ್ಲ ಯಾಕೆ ಅಂತ ಅಣ್ಣ ಸುಮ್ಮನಿದ್ದ. ಅತ್ತಿಗೆಯೂ ಸುಮ್ಮನಿದ್ದರು.

ಅತ್ತಿಗೆಯ ತವರು ಕುಣಿಗಲ್. ನಮ್ಮೂರಿಂದ ಅಲ್ಲಿಗೆ ಹೋಗಬೇಕೆಂದರೆ ಗುಬ್ಬಿಗೆ ಬಂದು, ತುಮಕೂರಿನ ಬಸ್ ಹಿಡಿದು, ಅಲ್ಲಿಳಿದು ಕುಣಿಗಲ್ ಬಸ್ ಹತ್ತಬೇಕು. ಅತ್ತಿಗೆ ತವರಿನ ಮಾತೆತ್ತಿದಾಗಲೆಲ್ಲ ಅಣ್ಣನದು ಒಂದೇ ಉತ್ತರ. "ಕುಣಿಗಲ್ ದೂರ ಕಣೇ. ಹೋಗಿ ಬರೋಕೆ ಒಂದ್ ದಿನಾನೇ ಬೇಕು. ಮುಂದಿನ ತಿಂಗ್ಳು ನೋಡಾನ ಬುಡು." ಆ ಮುಂದಿನ ತಿಂಗಳು ಯಾವತ್ತೂ ಸುಲಭವಾಗಿ ಬಂದದ್ದಿಲ್ಲ. ಗೌರಿ ಹಬ್ಬಕ್ಕೆ ಅವರ ತಮ್ಮನೇ ಬಾಗಿನ ತಂದು ಕೊಟ್ಟು ಹೋಗುತ್ತಿದ್ದ. ಅತ್ತಿಗೆಗೆ ತವರು ಅಂದರೆ ಹೆಚ್ಚುಕಡಿಮೆ ಅಷ್ಟೇ ಆಗಿತ್ತು.

ಈ ವರ್ಷ ಆ ತಮ್ಮ ಫೋನ್ ಮಾಡಿದ. ಮಗಳ ಬಾಣಂತನ, ಮೊಮ್ಮಗುವಿಗೆ ಈಗಷ್ಟೇ ತಿಂಗಳು ತುಂಬಿದೆ, ಮನೆ ಬಿಟ್ಟು ಬರಲಾಗದು. "ಈ ಸಲ ಬಾಗಿನ ಲೇಟಾಗ್ತದೆ ಅಕ್ಕ, ಬೇಜಾರ್ ಮಾಡ್ಕಬೇಡ" ಅಂದ.

ಅತ್ತಿಗೆ ಏನಂದರು ಗೊತ್ತೇ?

"ನೀನ್ಯಾಕ್ ಬರ್ಬೇಕು? ಹಬ್ಬದ ದಿನ ನಾನೇ ಬಂದು ಬಾಗಿನ ಈಸ್ಕೊಂಡು, ಮಗೂನೂ ನೋಡ್ಕೊಂಡು ಹೋಯ್ತೀನಿ. ಗಾಡಿ ಓಡಿಸ್ಕೊಂಡು!"

ಫೋನ್ ಇಟ್ಟ ಮೇಲೆ ಅದನ್ನೇ ಅಣ್ಣನಿಗೂ ಹೇಳಿದರು. ಆಮೇಲೆ ಬೀದಿಗೆಲ್ಲ ಹೇಳಿದರು. ಸುಮ್ಮನೆ ಹೇಳಿದ್ದಲ್ಲ, ಕಲಿಕಾ ಲೈಸೆನ್ಸನ್ನು ಸದ್ದಿಲ್ಲದೆ ಆಗಲೇ ಮಾಡಿಸಿಟ್ಟುಕೊಂಡಿದ್ದರು. ಉಳಿದಿದ್ದು ಟೆಸ್ಟ್ ಒಂದೇ. ಕಾಗದಪತ್ರ ಸರಿಯಿರುವ ಗಾಡಿ ಬೇಕಿತ್ತು, ನನ್ನ ಮಗಳು ಚೈತ್ರಾ ತನ್ನ ಬೈಕ್ ಕೊಟ್ಟಳು. ಅದರ ಮೇಲೆ ಕೂತ ಅತ್ತಿಗೆ ಡಬ್, ಡಬ್, ಡಬ್ ಅಂತ ಫೇಲಾದರು. ಹಬ್ಬಕ್ಕೆ ಮುಂಚೆ ಇನ್ನೊಂದೇ ಅವಕಾಶ ಇತ್ತು.

ಮೈದಾನದಿಂದ ನೇರವಾಗಿ ತಟ್ಟೆ ಇಡ್ಲಿ ಹೋಟೆಲ್ಲಿಗೆ ಹೋದೆವು. (ನಮ್ಮ ತುಮಕೂರಲ್ಲಿ ಪಾಸಾದರೂ ಫೇಲಾದರೂ ಹೋಗುವುದು ಅಲ್ಲಿಗೇ.) ಅತ್ತಿಗೆ ಇಡ್ಲಿ ಮುಟ್ಟಲಿಲ್ಲ.

"ಉಸಿರೇ ಇಲ್ಲ ಕಣೇ ಉಮಾ ಆ ಗಾಡೀಲಿ. ನಮ್ ಬಸವ ಆಗಿದ್ರೆ ಗೇರ್ ಹಾಕಿ ಕ್ಲಚ್ ಬುಟ್ರೆ ಸಾಕು, ರೈಸೇ ಬ್ಯಾಡ, ತಾನೇ ಹೋಯ್ತದೆ."

ಜೊತೆಯಲ್ಲೇ ಇದ್ದ ಚೈತ್ರಾಗೆ ಉರಿದುಹೋಯಿತು. ಅವಳು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವಳನ್ನು ಏನು ಬೇಕಾದರೂ ಅನ್ನಬಹುದು, ಅವಳ ಬೈಕನ್ನು ಅನ್ನುವಂತಿಲ್ಲ.

"ಅತ್ತೆ, ನನ್ ಗಾಡಿಗೆ ಉಸಿರಿಲ್ವಾ? ನಿಮ್ ಬಸವ ಒಂದು ಸುತ್ತು ಹಾಕೋ ಹೊತ್ಗೆ ಇದರ ಇಂಜಿನ್ ಎರಡು ಸುತ್ತು ಹಾಕಿರುತ್ತೆ!"

ಹಾಗೆಂದವಳೇ ಕಾಫಿ ಲೋಟ ಮತ್ತು ಚಟ್ನಿ ಬಟ್ಟಲನ್ನು ಪಕ್ಕಪಕ್ಕ ಇಟ್ಟಳು.

"ಲೋಟ ಬಸವ. ಬಟ್ಟಲು ನನ್ ಬೈಕು. ಒಂದು ಉದ್ದ, ಇನ್ನೊಂದು ಅಗಲ, ಆದ್ರೆ ಹಿಡಿಯೋದು ಹೆಚ್ಚುಕಡ್ಮೆ ಒಂದೇ. ಇದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡ್ತಾ ಇರುತ್ತೆ ಅನ್ಕೊಳ್ಳಿ. ಆ ಓಡಾಟದ ಉದ್ದಾನೇ ಸ್ಟ್ರೋಕು. ಲೋಟದಲ್ಲಿ ಅದು ತಳದ ತನಕ ಹೋಗಿ ಬರ್ಬೇಕು. ಬಟ್ಟಲಲ್ಲಿ ಇಷ್ಟು ಹೋಗಿ ಇಷ್ಟು ಬಂದ್ರೆ ಆಯ್ತು. ಯಾವ್ದು ಬೇಗ ಬೇಗ ಮಾಡಬಹುದು?"

"ಬಟ್ಟಲು" ಅಂದೆ ನಾನು. (ಮೊದಲ ಬೆಂಚಿನ ಹುಡುಗಿ ನಾನು, ಇವತ್ತಿಗೂ.)

"ಹೂಂ. ಲೋಟದ ಪಿಸ್ಟನ್ನನ್ನ ಅಷ್ಟೇ ಸಲ ಓಡಿಸ್ಬೇಕು ಅಂದ್ರೆ, ದೂರ ಜಾಸ್ತಿ ಇರೋದ್ರಿಂದ ಅದು ಇನ್ನೂ ಜೋರಾಗಿ ಓಡ್ಬೇಕು. ಒಂದು ಮಿತಿ ದಾಟಿದ್ರೆ ಒಳಗಿರೋ ರಾಡು ಗೀಡು ಯಾವ್ದೂ ತಡ್ಕೊಳಲ್ಲ. ಅದಕ್ಕೇ ಬಸವನ್ನ ಕೆಳಗಿನ ರೈಸಲ್ಲೇ, ಅಂದ್ರೆ ಇಂಜಿನ್ ನಿಧಾನಕ್ಕೆ ತಿರುಗುವಾಗ್ಲೇ, ಚೆನ್ನಾಗಿ ಎಳೆಯೋ ಹಾಗೆ ಮಾಡಿರ್ತಾರೆ. ಜೊತೆಗೆ ಫ್ಲೈವೀಲ್ ಅಂತ ಭಾರದ ಚಕ್ರ ಒಂದು ತಿರುಗ್ತಾ ಇರುತ್ತೆ, ಅದು ಸುಲಭಕ್ಕೆ ಆಫ್ ಆಗೋಕೆ ಬಿಡಲ್ಲ. ನನ್ ಬೈಕಿಗೆ ಬಟ್ಟಲಿನ ಹಾಗೆ ಬಾಯಿ ಅಗಲ. ದೊಡ್ಡ ವಾಲ್ವ್ ಕೂರುತ್ತೆ, ಗಾಳಿ ಪೆಟ್ರೋಲು ಬೇಗ ಒಳಗೆ ನುಗ್ಗುತ್ತೆ. ರೈಸ್ ಕೊಟ್ಟಷ್ಟೂ ಎದ್ದು ಬರುತ್ತೆ. ಆದ್ರೆ ಕೊಡ್ಬೇಕು!"

"ಹಾಗಾದ್ರೆ ಸ್ಟ್ರೋಕ್ ಉದ್ದ ಇದ್ರೆ ಶಕ್ತಿ ಜಾಸ್ತಿ ಅಂತಾಯ್ತು" ಅಂತ ನಾನು ತೀರ್ಪು ಕೊಟ್ಟೆ.

"ಅಯ್ಯೋ ಅಮ್ಮಾ, ಅಲ್ಲ! ಶಕ್ತಿ ಎಲ್ಲಿ ಸಿಗುತ್ತೆ ಅನ್ನೋದು ಬೇರೆ ಅಷ್ಟೆ. ಅದು ಕೆಳಗೆ ಕೊಡುತ್ತೆ, ಇದು ಮೇಲೆ ಕೊಡುತ್ತೆ. ಒಟ್ಟು ಪವರ್ ಕೇಳಿದ್ರೆ ನನ್ನದೇ ಜಾಸ್ತಿ. ನಿನ್ನ ಪೇಪರ್ ಅಂಕಣದಲ್ಲಿ ತಪ್ಪು ಬರೀಬೇಡ ಮತ್ತೆ."

(ಬರೆದಿಲ್ಲ ನೋಡು ಮಗಳೇ.)

ಅಷ್ಟು ಹೊತ್ತೂ ಅತ್ತಿಗೆ ಲೋಟ ಬಟ್ಟಲುಗಳನ್ನೇ ನೋಡುತ್ತಿದ್ದರು. "ಅಂದ್ರೆ, ಅದು ಒನಕೆ. ಇದು ಕುಟ್ಟಾಣಿ" ಅಂದರು ಕೊನೆಗೆ. "ಒನಕೇನ ತಲೆ ಮಟ್ಟ ಎತ್ತಿ ಬುಟ್ರೆ ಸಾಕು, ಅದರ ಭಾರಕ್ಕೇ ಕೆಲ್ಸ ಆಯ್ತದೆ. ಕುಟ್ಟಾಣೀನ ಹಂಗೆ ನಿಧಾನಕ್ಕೆ ಎತ್ತಿ ಬುಟ್ಕೊಂಡು ಕೂತ್ರೆ ಒಂದ್ ಚೂರು ಶುಂಠೀನೂ ಜಜ್ಜಕಾಗಲ್ಲ. ಕುಟುಕುಟುಕುಟು ಅಂತ ಕುಟ್ಬೇಕು."

"ಅಷ್ಟೇ ಅತ್ತೆ!" ಅಂತ ಚೈತ್ರಾ ಮೇಜು ಕುಟ್ಟಿದಳು. ಅತ್ತಿಗೆ ಇಡ್ಲಿ ತಿಂದರು. ಎರಡನೇ ಪ್ಲೇಟನ್ನೂ ತರಿಸಿದೆವು.

ಆ ಭಾನುವಾರ ಬೈಕ್ ಸಮೇತ ಊರಿಗೆ ಹೋದೆವು, ಪ್ರಾಕ್ಟೀಸಿಗೆ. ಥಿಯರಿಯಲ್ಲಿ ಅತ್ತಿಗೆ ಫಸ್ಟ್ ಕ್ಲಾಸ್. ಪ್ರಾಕ್ಟಿಕಲ್ಲಿನಲ್ಲಿ ಮಾತ್ರ ಅದೇ ಡಬ್.

"ರೈಸ್ ಕೊಡಿ ಅತ್ತೆ!"

"ಕೊಡ್ತಾನೇ ಇವ್ನಲ್ಲೇ!"

"ಇನ್ನೂ ಕೊಡಿ!"

"ಇರೋದೇ ಇಷ್ಟು ಕಣೇ!"

ಇರುವುದು ಅಷ್ಟೇ ಆಗಿರಲಿಲ್ಲ. ಅತ್ತಿಗೆಯ ಮಣಿಕಟ್ಟು ಒಂದಿಷ್ಟು ತಿರುಗಿ, ಅಲ್ಲೇನೋ ಗೋಡೆ ಇದೆ ಎಂಬಂತೆ ನಿಂತುಬಿಡುತ್ತಿತ್ತು. ಇಂಜಿನ್ ಸ್ವಲ್ಪ ಸದ್ದು ಏರಿಸಿದರೂ ಗಾಬರಿಯಾಗಿ ಕೈ ವಾಪಸ್ ಬರುತ್ತಿತ್ತು. "ಪಾಪ, ಕಿರುಚ್ಕೊಳ್ತಾ ಐತೆ" ಅನ್ನುವರು.

ಜಗುಲಿಯ ಮೇಲೆ ಕೂತ ಅಣ್ಣನ ಕಾಮೆಂಟರಿ ಬೇರೆ. "ಜಾಸ್ತಿ ರೈಸ್ ಮಾಡ್ಬ್ಯಾಡ, ಇಂಜಿನ್ ಹೋಯ್ತದೆ. ಟಾಪ್ ಗೇರಿಗೆ ಹಾಕಿ ನಿಧಾನಕ್ಕೆ ಬುಡು, ಪೆಟ್ರೋಲೂ ಉಳೀತದೆ."

ನಮ್ಮ ಕಡೆಯ ಗಂಡಸರಿಗೆ ಈ ಟಾಪ್ ಗೇರ್ ಅನ್ನುವುದು ಒಂದು ವ್ರತ. ತುಮಕೂರಿನ ಯಾವ ಸರ್ಕಲ್ಲಿನಲ್ಲಿ ಬೇಕಾದರೂ ನಿಂತು ನೋಡಿ. ಸೈಕಲ್ಲಿಗಿಂತ ನಿಧಾನವಾಗಿ, ಟಾಪ್ ಗೇರಿನಲ್ಲಿ, ಗಾಡಿ ಗಡಗಡ ನಡುಗುತ್ತಿದ್ದರೂ ಗೇರ್ ಇಳಿಸದೆ ಹೋಗುತ್ತಿರುತ್ತಾರೆ. ಅವರಪ್ಪ ಓಡಿಸಿದ್ದು ಉದ್ದ ಸ್ಟ್ರೋಕಿನ ಗಾಡಿ. ಅದಕ್ಕೆ ಆ ಪಾಠ ನಡೆಯುತ್ತಿತ್ತು. ಇವರು ಗಾಡಿ ಬದಲಾಯಿಸಿದ್ದಾರೆ, ಪಾಠ ಬದಲಾಯಿಸಿಲ್ಲ. ಪಾಪದ ಇಂಜಿನ್ ಕೆಮ್ಮುತ್ತಾ ಸಾಗುತ್ತದೆ, ಸವಾರ ಮಾತ್ರ ಪೆಟ್ರೋಲ್ ಉಳಿಸಿದ ಖುಷಿಯಲ್ಲಿರುತ್ತಾನೆ.

ನಿಜ ಹೇಳಬೇಕೆಂದರೆ ಈ ವಾರದ ಅಂಕಣವನ್ನು ಇಲ್ಲಿಂದ ಬೇರೆ ದಾರಿಗೆ ತಿರುಗಿಸುವ ಪ್ಲಾನ್ ನನಗಿತ್ತು. ಮನುಷ್ಯರಲ್ಲೂ ಎರಡು ಜಾತಿ, ಕೆಲವರು ಉದ್ದ ಸ್ಟ್ರೋಕಿನವರು, ಕೆಲವರು ಗಿಡ್ಡ ಸ್ಟ್ರೋಕಿನವರು, ನಾನು ಬೆಳಗ್ಗೆಯಿಂದ ಡುಗುಡುಗು ಅಂತ ಅಡುಗೆ ಮಾಡುವವಳು, ಮಗಳು ಕೊನೇ ಗಳಿಗೆಯಲ್ಲಿ ಎದ್ದು ಝೂಂ ಅಂತ ಹೊರಡುವವಳು, ಯಾರೂ ಮೇಲಲ್ಲ, ಯಾರೂ ಕೀಳಲ್ಲ... ನೀವೂ ತಲೆಯಾಡಿಸುತ್ತಿದ್ದಿರಿ. ಮನಸ್ಸಿನಲ್ಲೇ ಅರ್ಧ ಬರೆದೂ ಆಗಿತ್ತು.

ಅಷ್ಟರಲ್ಲಿ ಚೈತ್ರಾ ಬಸವನ ಮೇಲೆ ಹತ್ತಿ ಕೂತಳು. ವ್ಯತ್ಯಾಸ ತೋರಿಸೋಣ ಅಂತ. ಎಕ್ಸಿಲೇಟರ್ ತಿರುಗಿಸಿದಳು. ಒಂದಿಷ್ಟು ತಿರುಗಿ ನಿಂತಿತು. ಇನ್ನೊಂದು ಸಲ ತಿರುಗಿಸಿದಳು. ಅಲ್ಲೇ ನಿಂತಿತು. ಬಗ್ಗಿ ನೋಡಿದಳು.

"ಮಾವ, ಇದೇನಿದು?"

ಎಕ್ಸಿಲೇಟರಿನ ಹಿಡಿಗೂ ಬ್ರೇಕ್ ಲಿವರಿನ ಬುಡಕ್ಕೂ ಸೇರಿಸಿ ತೆಂಗಿನ ನಾರಿನ ಹುರಿಯೊಂದನ್ನು ಯಾರೋ ಕಟ್ಟಿದ್ದರು. ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ್ದು. ಆ ಸಡಿಲ ಮುಗಿದರೆ ಹಿಡಿ ಮುಂದಕ್ಕೆ ತಿರುಗುವುದಿಲ್ಲ. ಮೇಲೆ ಕಪ್ಪು ಟೇಪು, ಟೇಪಿನ ಮೇಲೆ ವರ್ಷಗಳ ಎಣ್ಣೆ ಜಿಡ್ಡು. ನೋಡಿದರೆ ಗಾಡಿಯದೇ ಯಾವುದೋ ಒಂದು ಭಾಗ ಅನ್ನಬೇಕು, ಹಾಗೆ ಕೂತುಬಿಟ್ಟಿತ್ತು.

ಅಣ್ಣ ಜಗುಲಿಯಿಂದಲೇ ಕತ್ತು ಚಾಚಿ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಅದಾ... ನಿಮ್ಮತ್ತೆ ಹೊಸದಾಗಿ ಕಲೀತಾ ಇದ್ಲಲ್ಲ, ಆಗ ಕಟ್ಟಿದ್ದು. ಜೋರಾಗ್ ತಿರುಗಿಸ್ಬುಟ್ಟು ಎಲ್ಲಾದ್ರೂ ಬಿದ್ದಾಳು ಅಂತ. ಒಂದ್ ವಾರ ಇರ್ಲಿ ಅಂತ ಕಟ್ಟಿದ್ದೆ ಕಣಮ್ಮ. ಆಮೇಲೆ ಮರ್ತೇ ಹೋಯ್ತು."

ಮರೆತೇ ಹೋಯಿತು!

ನನಗೆ ಸಿಟ್ಟು ನೆತ್ತಿಗೇರಿತು. ಜೊತೆಗೆ ಅಣ್ಣನ ಮುಖ ನೋಡಿ ಅಯ್ಯೋ ಅನ್ನಿಸಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಟ್ಟಿದ್ದೂ ಕಾಳಜಿಯಿಂದಲೇ, ಮರೆತದ್ದೂ ನಿಜವೇ. ಬೈಯೋಣ ಅಂದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

ಅತ್ತಿಗೆ ಬೈಕಿಂದಿಳಿದು ಹತ್ತಿರ ಬಂದರು. ಹುರಿಯನ್ನು ಬೆರಳಿಂದ ಮುಟ್ಟಿ ನೋಡಿದರು.

"ನಾನು ಇದು ಗಾಡಿ ಜೊತೇಲೇ ಬಂದಿದ್ದು ಅನ್ಕೊಂಡಿದ್ದೆ" ಅಂದರು.

ಒಳಗೆ ಹೋಗಿ ಕುಡುಗೋಲು ತಂದರು. ಅಣ್ಣ ಜಗುಲಿಯಿಂದ ಅರ್ಧ ಎದ್ದ. ಅತ್ತಿಗೆ ಅವನ ಕಡೆ ನೋಡದೆ ಹುರಿಯನ್ನು ಕಚಕ್ಕನೆ ಕೊಯ್ದರು. ಬಿಸಾಡಲಿಲ್ಲ, ಶರ್ಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಬಸವನನ್ನು ಹತ್ತಿ, ಒಂದೇ ಕಿಕ್ಕಿಗೆ ಎಬ್ಬಿಸಿ, ಹಿಡಿಯನ್ನು ತಿರುಗಿಸಿದರು. ತಿರುಗಿಸುತ್ತಲೇ ಹೋದರು.

ಅಬ್ಬಬ್ಬಾ ಆ ಸದ್ದು! ಕಾಗೆಗಳೆಲ್ಲ ಎದ್ದವು. ಆದರೆ ಸ್ವಲ್ಪ ಮೇಲಕ್ಕೇರುತ್ತಿದ್ದಂತೆ ಬಸವನ ಮೈಯೆಲ್ಲ ಅದುರತೊಡಗಿತು. ಕನ್ನಡಿ ಕುಣಿಯಿತು, ಮಡ್‌ಗಾರ್ಡ್ ಗಲಗಲ ಅಂದಿತು. ಸದ್ದು ಹೆಚ್ಚಾಯಿತೇ ಹೊರತು ಅದಕ್ಕಿಂತ ಮೇಲೆ ಅವನಲ್ಲಿ ಹೆಚ್ಚೇನೂ ಇರಲಿಲ್ಲ. ಉದ್ದ ಸ್ಟ್ರೋಕಿನವನು, ಪಾಪ.

"ಸಾಕ್ ಬುಡಪ್ಪ, ನಿನ್ ಯೋಗ್ಯತೆ ಗೊತ್ತಾಯ್ತು" ಅಂತ ಅತ್ತಿಗೆ ಟ್ಯಾಂಕಿನ ಮೇಲೆ ತಟ್ಟಿದರು.

ಆಗ ನನಗೆ ವಿಷಯ ಹೊಳೆಯಿತು. ಆ ಹುರಿಯಿಂದ ಬಸವನಿಗೆ ಅಂಥ ನಷ್ಟವೇನೂ ಆಗಿರಲಿಲ್ಲ. ಅವನ ಕೆಲಸ ಹೇಗೂ ಕೆಳಗಿನ ರೈಸಿನಲ್ಲೇ ಮುಗಿಯುತ್ತಿತ್ತು. ತೋಟ, ಮೂಟೆ, ಬದು, ಎಲ್ಲಕ್ಕೂ ಅಷ್ಟು ಸಾಕಾಗಿತ್ತು. ಅದಕ್ಕೇ ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ಗಾಡಿ ಬದಲಾದಾಗ ತಾನೇ ಗೊತ್ತಾದದ್ದು, ಹುರಿ ಬಿಗಿದಿದ್ದು ಹಿಡಿಗಲ್ಲ, ಅತ್ತಿಗೆಯ ಮಣಿಕಟ್ಟಿಗೆ ಅಂತ?

(ನಮ್ಮ ನಮ್ಮ ಮನೆಗಳಲ್ಲಿ ಒಂದು ವಾರ ಇರಲಿ ಅಂತ ಕಟ್ಟಿ ಮರೆತ ಹುರಿಗಳು ಎಷ್ಟಿವೆಯೋ. ಯೋಚಿಸುತ್ತಾ ಕೂತರೆ ಬೇಜಾರಾಗುತ್ತದೆ. ಕೂರುವುದು ಬೇಡ, ಅತ್ತಿಗೆ ಆಗಲೇ ಮಗಳ ಬೈಕ್ ಹತ್ತಿದರು.)

ಈ ಸಲ ಚೈತ್ರಾ "ಇನ್ನೂ, ಇನ್ನೂ" ಅನ್ನುವ ಅಗತ್ಯ ಬೀಳಲಿಲ್ಲ. ಅತ್ತಿಗೆ ಒಂದು ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಕೈ ತಿರುಗಿಸಿದರು. ಬೈಕ್ ಕಿರುಚಿತು. ಅತ್ತಿಗೆಯೂ ಕಿರುಚಿದರು. ಕ್ಲಚ್ ಬಿಟ್ಟರು. ಗಾಡಿ ಮುಗ್ಗರಿಸಲಿಲ್ಲ. ಎಳನೀರು ಕುಡಿದಷ್ಟು ಸಲೀಸಾಗಿ ಬದುವಿನ ಗುಂಟ ಹೋಗಿ, ಗೇಟಿನ ಹತ್ತಿರ ತಿರುಗಿ, ಝೂಂ ಅಂತ ವಾಪಸ್ ಬಂತು. ಅತ್ತಿಗೆಯ ಕಣ್ಣು ಎರಡೂ ತೆರೆದಿದ್ದವು.

"ಇದ್ಯಾಕೆ ಹಿಂಗೆ ಓಡ್ತದೆ!" ಅಂದರು. ನಗುತ್ತಿದ್ದರು. ಇಷ್ಟು ವರ್ಷದ ನಾದಿನಿ ನಾನು, ಆ ನಗುವನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಅಳುವೇ ಬಂತು. ಧೂಳು ಅಂತ ಹೇಳಿ ಕಣ್ಣೊರೆಸಿಕೊಂಡೆ.

ಟೆಸ್ಟ್ ಏನಾಯಿತು ಅಂತ ಕೇಳುತ್ತೀರಾ? ಅದೇ ಮೈದಾನ, ಅದೇ ಇನ್‌ಸ್ಪೆಕ್ಟರ್. ಅತ್ತಿಗೆ ರೈಸ್ ಕೊಟ್ಟ ಸದ್ದಿಗೆ ಅವರು ಹಿಡಿದಿದ್ದ ಪೆನ್ನು ಕೆಳಗೆ ಬಿತ್ತು. ಎಂಟು ಹಾಕಿ, ಕಾಲು ನೆಲಕ್ಕೆ ತಾಗಿಸದೆ, ಹೊರಟ ಜಾಗಕ್ಕೇ ಬಂದು ನಿಂತರು. ಉತ್ಸಾಹದಲ್ಲಿ ಇನ್ನೊಂದು ಸುತ್ತಿಗೆ ಹೊರಟಿದ್ದರು.

"ಸಾಕಮ್ಮಾ, ಸಾಕು! ಪಾಸು! ಇಳೀರಿ" ಅಂದರು ಅವರು.

ಹಬ್ಬದ ದಿನ ಬೆಳಗ್ಗೆ ಊರಿಂದ ಹೊರಟೆವು. ಚೈತ್ರಾಳ ಬೈಕಿನಲ್ಲಿ ಅತ್ತಿಗೆ, ಹಿಂದೆ ಅಣ್ಣ. ನನ್ನ ಸ್ಕೂಟರಿನಲ್ಲಿ ನಾನು, ಚೈತ್ರಾ. "ನಾನು ಬಸ್ಸಲ್ಲೇ ಬತ್ತೀನಿ" ಅಂತ ಅಣ್ಣ ಕೊನೇ ಪ್ರಯತ್ನ ಮಾಡಿ ನೋಡಿದ್ದ. "ಬಸ್ಸಲ್ಲಿ ದೂರ ಆಯ್ತದೆ ನಿಮ್ಗೆ, ಹತ್ತಿ" ಅಂದರು ಅತ್ತಿಗೆ.

ಈ ಕಾಲದ ಬೈಕುಗಳ ಹಿಂದಿನ ಸೀಟನ್ನು ನೀವು ನೋಡಿದ್ದೀರಲ್ಲ? ಅಂಗೈ ಅಗಲ, ಅಟ್ಟದಷ್ಟು ಎತ್ತರ. ಅಲ್ಲಿ ಪಂಚೆ ಉಟ್ಟ ಅಣ್ಣ, ತಲೆಗೆ ಹೆಲ್ಮೆಟ್ಟು, ತೊಡೆಯ ಮೇಲೆ ತವರಿಗೆ ಕೊಡುವ ತೆಂಗಿನಕಾಯಿ ಚೀಲ. ಚೀಲದ ಬಾಯಿ ಕಟ್ಟಿದ್ದು ಯಾವುದರಿಂದ ಅಂತ ನಾನು ಹೇಳಬೇಕಿಲ್ಲ. ಟೇಪಿನ ಚೂರು ಇನ್ನೂ ಅಂಟಿಕೊಂಡೇ ಇತ್ತು.

ತುಮಕೂರು ಬಂತು, ಗೂಳೂರು ದಾಟಿತು. ಮುಂದೊಂದು ಏರಿನಲ್ಲಿ ಹುಲ್ಲಿನ ಟ್ರ್ಯಾಕ್ಟರ್ ಅಡ್ಡವಾಯಿತು. ಅವರ ಹಿಂದೆಯೇ ಬರುತ್ತಿದ್ದ ನನಗೆ ಅಣ್ಣನ ಕೂಗು ಕೇಳಿಸಿತು.

"ಟಾಪ್ ಗೇರಲ್ಲೇ ಇರ್ಲಿ ಕಣೇ! ನಿಧಾನಕ್ಕೆ ಅದರ ಹಿಂದ್ಲೇ ಹೋಗಾನ!"

"ಸುಮ್ನೆ ಕೂತ್ಕಳ್ರೀ. ಇದು ಬಸವ ಅಲ್ಲ, ಕುಟ್ಟಾಣಿ!"

ಅತ್ತಿಗೆ ಎದುರಿನ ರಸ್ತೆ ಖಾಲಿಯಾಗುವವರೆಗೆ ಕಾದರು. ಗೇರ್ ಇಳಿಸಿದರು. ಇನ್ನೊಂದು ಇಳಿಸಿದರು. ಕೈ ತಿರುಗಿತು. ಬೈಕ್ ಒಂದೇ ಉಸಿರಿಗೆ ಟ್ರ್ಯಾಕ್ಟರ್ ದಾಟಿ ಏರಿನ ತಲೆ ಮೇಲಿತ್ತು. ಅಣ್ಣನ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಅತ್ತಿಗೆಯ ಭುಜವನ್ನು ಬಿಗಿಯಾಗಿ ಹಿಡಿದಿತ್ತು. ಮದುವೆಯ ಫೋಟೋದಲ್ಲೂ ಅವನು ಅಷ್ಟು ಹತ್ತಿರ ನಿಂತಿಲ್ಲ. ಚೈತ್ರಾ ನನ್ನ ಬೆನ್ನ ಹಿಂದೆ ಶಿಳ್ಳೆ ಹೊಡೆದಳು. ನಮ್ಮ ಸ್ಕೂಟರ್ ಮಾತ್ರ ಬಹಳ ಹೊತ್ತು ಟ್ರ್ಯಾಕ್ಟರಿನ ಹುಲ್ಲು ಎಣಿಸುತ್ತಾ ಹೋಯಿತು.

ನಾವು ಕುಣಿಗಲ್ ಮುಟ್ಟುವ ಹೊತ್ತಿಗೆ ಅತ್ತಿಗೆಯ ತವರುಮನೆ ಮುಂದೆ ಬೈಕ್ ನಿಂತಿತ್ತು. ಬಾಗಿಲಲ್ಲಿ ಅತ್ತಿಗೆಯ ತಮ್ಮ, ಅವನ ಕೈಯಲ್ಲಿ ಬಟ್ಟೆ ಸುತ್ತಿದ ಮಗು. ಅಕ್ಕ ಬಸ್ಸಿನಿಂದಿಳಿದು ಬರುತ್ತಾಳೆ ಅಂತಲೇ ಕೊನೆಯವರೆಗೂ ನಂಬಿದ್ದನಂತೆ. ಬಾಯಿ ತೆರೆದುಕೊಂಡೇ ನಿಂತಿದ್ದ.

ಅತ್ತಿಗೆ ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಬಂದ ದಾರಿಯನ್ನೊಮ್ಮೆ ನೋಡಿದರು, ಆಮೇಲೆ ಇನ್ನೂ ಸೀಟಿನಿಂದ ಇಳಿಯಲು ಒದ್ದಾಡುತ್ತಿದ್ದ ಅಣ್ಣನನ್ನು ನೋಡಿದರು.

"ರೀ, ಇಷ್ಟು ವರ್ಷ ಕುಣಿಗಲ್ ದೂರ, ಕುಣಿಗಲ್ ದೂರ ಅಂತಿದ್ರಲ್ಲ, ಅದ್ಯಾವ ಕುಣಿಗಲ್?"